ಕೆಂಪು ಗೆರೆಯ ಬೋರ್ಡು

ಮೂವತ್ತರ ದಶಕದಲ್ಲಿ ಹಳಿಯಾಳದ ಪೇಟೆಯಲ್ಲಿ ಅಂಗಡಿ ಇಟ್ಟವರೆಲ್ಲ ಬೋರ್ಡು ಬರೆಸಲು ಶಮಶುದ್ದೀನನ ಮನೆಗೇ ಹೋಗುತ್ತಿದ್ದರು. ಅವನ ಅಕ್ಷರಗಳ ಠೀವಿಯೇ ಠೀವಿ. ಒಂದು ಕಡೆ ದಪ್ಪ, ಒಂದು ಕಡೆ ಕೂದಲೆಳೆ, ಬಾಲಕ್ಕೊಂದು ಬಳ್ಳಿ, ಬೆನ್ನಿಗೆ ನೀಲಿ ನೆರಳು. ಓದಲು ಬಾರದವರೂ ನಿಂತು ನೋಡುತ್ತಿದ್ದರು. ಓದಲು ಬರುವವರೂ ಬರೀ ನೋಡಿಯೇ ಹೋಗುತ್ತಿದ್ದರು ಎಂಬುದು ಆಗ ಯಾರ ತಲೆಗೂ ಹೋಗಲಿಲ್ಲ. ನಮ್ಮೂರಿನವರಿಗೆ ಚಂದ ಕಂಡರೆ ಸಾಕು.

ದಾಂಡೇಲಿಯ ಆಚೆ ಕಾಳಿ ಹೊಳೆ ದಾಟಿಸುವ ದೋಣಿಯ ಗುತ್ತಿಗೆದಾರನೂ ಅವನಿಂದ ಒಂದು ಬೋರ್ಡು ಬರೆಸಿದ. ಜೋಯಿಡಾ ಕಡೆಯ ದಡದಲ್ಲಿ ಒಂದು ಕಂಬ ನೆಟ್ಟು ಕೆಂಪು ಗೆರೆ ಎಳೆದಿದ್ದರು. ‘ಕೆಂಪು ಗೆರೆ ಮುಳುಗಿದರೆ ದೋಣಿ ಹತ್ತಬೇಡಿ’ ಎಂದು ಶಮಶುದ್ದೀನ ತನ್ನ ವಿದ್ಯೆಯನ್ನೆಲ್ಲ ಸುರಿದು ಬರೆದ. ಆ ಮಳೆಗಾಲದಲ್ಲೇ, ಕೆಂಪು ಗೆರೆ ಮುಳುಗಿದ್ದ ದಿನ, ದೋಣಿ ಮಗುಚಿತು. ಸತ್ತವರಲ್ಲಿ ಅವನ ತಮ್ಮ ಮನ್ಸೂರನೂ ಇದ್ದ. ಕಾಡಿನಲ್ಲಿ ಮರ ಕೊಯ್ಯಲು ಹೋಗಿದ್ದವನು, ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆಯೆಂದು ಕೇಳಿ ಮನೆಗೆ ಹೊರಟಿದ್ದ.

ಸಾವಿನ ಮನೆಗೆ ಬಂದ ಗುತ್ತಿಗೆದಾರ, “ಬೋರ್ಡಂತೂ ಭಾಳ ಚಂದ ಆಗೇತ್ರಿ. ಮಂದಿ ನಿಂತ ನೋಡ್ತಾರ” ಎಂದ. ಸಮಾಧಾನ ಹೇಳಲು ಬಂದಿದ್ದನಂತೆ, ಪುಣ್ಯಾತ್ಮ! ಶಮಶುದ್ದೀನ ಎದ್ದು ಹಿತ್ತಲಿಗೆ ಹೋದ. ತಮ್ಮನಿಗೆ ಅಕ್ಷರ ಕಲಿಸಿದವನು ಅವನೇ. ಕೂಡಿಸಿ ಕೂಡಿಸಿ ಓದುತ್ತಿದ್ದ ಮನ್ಸೂರ ಆ ಬಳ್ಳಿ, ನೆರಳುಗಳ ನಡುವೆ ಏನು ಓದಿಯಾನು?

“ನನ್ನ ಬಳ್ಳೀನ ಅವನ ಕಾಲಿಗೆ ಸುತಗೊಂಡ್ತು” ಎಂದು ಹೆಂಡತಿ ರೋಷನಬಿಯ ಮುಂದೆ ಅತ್ತ.

ಅಲ್ಲಿಂದ ಮುಂದೆ ಅವನಿಗೆ ಒಂದೇ ಹುಚ್ಚು. ಕೂಡಿಸಿ ಓದುವವನೂ ದೂರದಿಂದ, ಮಳೆಯಲ್ಲಿ, ಒಂದೇ ನೋಟಕ್ಕೆ ಓದಬಲ್ಲ ಅಕ್ಷರ ಬೇಕು. ನೆರಳು ತೆಗೆದ, ಬಾಲ ಕತ್ತರಿಸಿದ, ಗೆರೆಗಳನ್ನೆಲ್ಲ ಒಂದೇ ದಪ್ಪಕ್ಕೆ ತಂದ. ಹಲಗೆಯನ್ನು ಓಣಿಯ ತುದಿಯಲ್ಲಿ ನಿಲ್ಲಿಸಿ, ಹೊಸದಾಗಿ ಓದಲು ಕಲಿತಿದ್ದ ಕಾಯಿಪಲ್ಲೆ ಮಾರುವ ಈರಕ್ಕನನ್ನು ಕರೆಯುತ್ತಿದ್ದ.

“ಇದು ‘ಮ’ನೋ ‘ಯ’ನೋ ತಿಳೀವಲ್ದು ನೋಡ್ರಿ, ಸಾಬ್ರ.”

ಅವನು ಅಕ್ಷರದ ಹೊಟ್ಟೆ ಅಗಲಿಸಿ ಮತ್ತೆ ಕರೆಯುವನು. “ನಾ ಬದನಿಕಾಯಿ ಮಾರ್ಲ್ಯೋ, ನಿಮ್ಮ ಸಾಲಿ ಓದ್ಲ್ಯೋ?” ಎಂದು ಬೈದರೂ ಈರಕ್ಕ ಬರುತ್ತಿದ್ದಳು. ಮನ್ಸೂರ ಅವಳ ಕಣ್ಣೆದುರೇ ಬೆಳೆದವನು.

ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ಅಕ್ಷರಗಳು ಒಂದು ಹದಕ್ಕೆ ಬಂದವು. ಅಂಗಡಿಯವರು ಮಾತ್ರ ಒಪ್ಪಲಿಲ್ಲ. “ಅರಿವಿ ಕಳದು ನಿಲ್ಲಿಸಿದಂಗ ಕಾಣ್ತಾವಲ್ರಿ” ಎಂದು ನಕ್ಕರು. ಹಳೆಯ ಥರ ಬರೆಯಲು ಅವನಿಗೆ ಕೈ ಬರಲಿಲ್ಲ. ಕೆಲಸ ಬೇರೆಯವರ ಪಾಲಾಯಿತು. ರೋಷನಬಿ ಹೊಲಿಗೆ ಹಾಕಿ ಮನೆ ನಡೆಸಿದಳು. ಅವನು ಹೊಸ ಬೋರ್ಡನ್ನು ತಾನೇ ಹೊತ್ತು ಹೊಳೆ ದಾಟಿ, ಹಳೆಯದನ್ನು ಕಿತ್ತು ಅಲ್ಲಿ ನೆಟ್ಟ. ಮಳೆ ಹಿಡಿದ ಮೇಲೆ ಪಕ್ಕದ ಮರದ ಕೆಳಗೆ ಕೂತು ಕಾಯತೊಡಗಿದ.

ಕೆಂಪು ಗೆರೆ ಮುಳುಗಿದ ದಿನ ಜೈರಾಮನೆಂಬ ರೈತ, ಜ್ವರದಲ್ಲಿ ನರಳುತ್ತಿದ್ದ ಹೆಂಡತಿಯನ್ನು ಕಂಬಳಿಯ ಜೋಲಿಯಲ್ಲಿ ಮಲಗಿಸಿ, ತಮ್ಮನೊಡನೆ ಹೊತ್ತು ತಂದ. ಮೇಲಿನ ದಾರಿಯಲ್ಲೇ ನಿಂತು, ಸುರಿಯುವ ಮಳೆಯಲ್ಲಿ, ಬೋರ್ಡನ್ನು ಗಟ್ಟಿಯಾಗಿ ಓದಿದ. ಎಲ್ಲೂ ತಡವರಿಸಲಿಲ್ಲ. ಶಮಶುದ್ದೀನನ ಕಣ್ಣು ತುಂಬಿ ಬಂತು. ಆಮೇಲೆ ಜೈರಾಮ ನೇರ ದೋಣಿಯ ಕಡೆ ನಡೆದ.

“ಈಗ ಓದಿದ್ರಲ್ಲರಿ!” ಎಂದು ಶಮಶುದ್ದೀನ ಅಡ್ಡ ನಿಂತ.

“ಓದಿದ್ನಿರಿ. ಚಲೋ ಕಾಣ್ತೈತಿ. ಆದ್ರ ದವಾಖಾನಿ ಆ ದಂಡಿಗೈತಿ.”

ಶಮಶುದ್ದೀನ ದಾರಿ ಬಿಟ್ಟ. ಆ ದೋಣಿ ಹೇಗೋ ದಡ ಮುಟ್ಟಿತು.

ನೀರಿಳಿದ ಮೇಲೆ ಮನೆಗೆ ಬಂದವನು, “ಮನ್ಸೂರನೂ ಓದಿರಬೇಕು. ಓದೇ ದೋಣಿ ಹತ್ಯಾನ” ಎಂದ.

“ಹಂಗಾದ್ರ ತಪ್ಪು ನಿಮ್ದಲ್ಲಲ್ಲ” ಎಂದಳು ರೋಷನಬಿ, ಇನ್ನಾದರೂ ಅವನ ಜೀವಕ್ಕೆ ನೆಮ್ಮದಿ ಸಿಗಲೆಂದು.

ಅವನು ಗೋಡೆಗೆ ಮುಖ ಮಾಡಿ ಮಲಗಿದ. ಮತ್ತೆ ಕುಂಚ ಮುಟ್ಟಲಿಲ್ಲ. ತಪ್ಪು ತನ್ನದಾಗಿದ್ದರೆ ತಿದ್ದಲು ಬರುತ್ತಿತ್ತು.