ಪಂಚರ ಮುಂದೆ ನಿಂತ ಚಾಚಿ

ಮೊನ್ನೆ ಜತ್ತದ ಪೇಟೆಯಲ್ಲಿ ಯಾರೋ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ. ನವಸಾಗರದ ಖಾರ ಹೊಗೆಗೆ ಕೆಮ್ಮು ಬಂತು. ಅದರ ಹಿಂದೆಯೇ ನಮ್ಮ ಚಾಚಿಯ ನೆನಪು ಬಂತು...

ಅಸಂಗಿಯಲ್ಲಿ ಆಕೆ ನಮ್ಮ ಎದುರು ಮನೆಯ ಮುಸಲ್ಮಾನರಾಕೆ. ಗಂಡ ಕಲಾಯಿಗಾರ, ಅವನ ಒಲೆಗೆ ಈಕೆ ತಿದಿ ಒತ್ತುತ್ತಿದ್ದಳು. ಜತ್ತ ಸಂಸ್ಥಾನ ಹೋಗಿ ಸರಕಾರ ಬಂದ ಹೊಸತು. ನನಗೆ ಹದಿಮೂರು. ಅಪ್ಪ, ಅವ್ವ ತೀರಿಕೊಂಡ ಮೇಲೆ ಕಾಕಾನ ಮನೆಯಲ್ಲಿದ್ದೆ. ಕಾಕಾ ಹೊಡೆಯುತ್ತಿದ್ದ, ಬಾರುಕೋಲು, ಕಟ್ಟಿಗೆ, ಕೈಗೆ ಸಿಕ್ಕಿದ್ದರಿಂದ. ನನ್ನ ಅಳು ಓಣಿಗೆಲ್ಲ ಕೇಳುತ್ತಿತ್ತು. ಎಲ್ಲರೂ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು.

ಒಂದು ಮುಂಜಾನೆ ಎಮ್ಮೆ ಹಗ್ಗ ಹರಿದುಕೊಂಡು ಹೋಯಿತು. ಅದಕ್ಕೆ ಕಾಕಾ ಕಪಾಳಕ್ಕೆ ಹೊಡೆದ ಏಟಿಗೆ ನನ್ನ ಎಡಗಿವಿಯಿಂದ ರಕ್ತ ಇಳಿಯಿತು. ಚಾಚಿ ತಿದಿ ಬಿಟ್ಟು ಎದ್ದು ಬಂದಳು. ನನ್ನ ಕೈ ಹಿಡಿದು ನೇರವಾಗಿ ಕಟ್ಟೆಯ ಮೇಲೆ ಕೂತ ಪಂಚರ ಮುಂದೆ ನಿಲ್ಲಿಸಿದಳು. ಕಾಕಾ ಹಿಂದೆಯೇ ಓಡಿಬಂದ.

"ಇದು ನಮ್ಮ ಮನಿ ಮಾತೈತಿ. ನೀ ಯಾರ ನಡುವ ಬರಾಕಿ?"

ಚಾಚಿ ಅವನತ್ತ ನೋಡಲೂ ಇಲ್ಲ. ಪಂಚರಿಗೆ ಹೇಳಿದಳು: "ಪೋರಿ ರಕ್ತ ಓಣ್ಯಾಗ ಬಿದ್ದಮ್ಯಾಲ ಮನಿ ಮಾತು ಎಲ್ಲಿ ಉಳೀತ್ರಿ? ಇವತ್ತಿಂದ ಈಕಿ ನನ್ನ ಮನ್ಯಾಗ ಇರ್ತಾಳ."

"ಮಂದಿ ಜಾತಿ ಮಾತು ತಗೀತಾರವಾ," ಎಂದ ಒಬ್ಬ ಹಿರಿಯ.

"ತಗೀಲಿ. ಈಕಿ ಅಡಗಿ ಬ್ಯಾರೆ ಮಾಡ್ಕೊಳ್ಳಲಿ ಬೇಕಾದ್ರ. ಪೋರಿ ಜೀವಂತ ಇರ್ಲಿ."

ಪಂಚರು ನನ್ನ ಕಿವಿ ನೋಡಿ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕಡೆಗೆ ಆ ಹಿರಿಯನೇ, "ಕರ್ಕೊಂಡು ಹೋಗವಾ," ಎಂದ. ಆ ಸಂಜೆ ಚಾಚಿಯ ಗಂಡ ನನ್ನ ಅಡುಗೆಗೆಂದು ಒಂದು ಸಣ್ಣ ಪಾತ್ರೆಗೆ ಕಲಾಯಿ ಹಾಕಿಕೊಟ್ಟ.

ಕಿವಿ ಮತ್ತೆ ಕೇಳುವುದಿಲ್ಲ ಎಂದು ಜತ್ತದ ಡಾಕ್ಟರರು ಹೇಳಿದರು. ಸೋರುವುದಾದರೂ ನಿಲ್ಲಲಿ ಎಂದು ಚಾಚಿ ತಿಂಗಳುಗಟ್ಟಲೆ, ಪ್ರತಿ ಸಂತೆಯ ದಿನ, ನನ್ನನ್ನು ದವಾಖಾನೆಗೆ ಕರೆದೊಯ್ದಳು. ಹೆದರಿಕೆಗೆ ಮಾತ್ರ ಅಲ್ಲಿ ಔಷಧ ಇರಲಿಲ್ಲ. ಆಕೆ ಗೋಡೆಯ ಮಾಡದಿಂದ ಡಬ್ಬಿ ತೆಗೆಯಲು ಕೈಯೆತ್ತಿದರೂ ನಾನು ತಲೆ ಮುಚ್ಚಿಕೊಳ್ಳುತ್ತಿದ್ದೆ. ಅದನ್ನು ಕಂಡ ಮೇಲೆ ಆಕೆ ಸುತ್ತು ಹಾಕಿ, ಕಿವಿ ಕೇಳುವ ನನ್ನ ಬಲಕ್ಕೇ ಬರುತ್ತಿದ್ದಳು. ಮುಟ್ಟುವ ಮೊದಲು, "ನಾನ ಅದೇನಿ, ಬೇಟಿ," ಅನ್ನುತ್ತಿದ್ದಳು. ಆ ಬೆಚ್ಚುವುದು ಪೂರಾ ಹೋಗಲಿಲ್ಲ, ಇಂದಿಗೂ ಇದೆ. ಆದರೆ ನಿದ್ದೆ ಬಂತು, ಮೈ ತುಂಬಿತು, ಮತ್ತೆ ಸಾಲಿಗೆ ಹೋದೆ.

ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ದಿನ, ಅಕ್ಷರ ಬಾರದ ಚಾಚಿ ನನ್ನ ಸರ್ಟಿಫಿಕೇಟು ಹಿಡಿದು ಓಣಿಯೆಲ್ಲ ತಿರುಗಿದಳು. ಕಾಕಾನ ಬಾಗಿಲಲ್ಲೂ ನಿಂತು, "ನೋಡ್ರಿ, ನಮ್ಮ ಪೋರಿ ಪಾಸಾದಳು!" ಎಂದು ಕೂಗಿದಳು. ಆಕೆಯ ಪಕ್ಕದಲ್ಲಿ ನಾನು ತಲೆಯೆತ್ತಿ ನಿಂತಿದ್ದೆ.

ತಿಕೋಂಡಿಯಲ್ಲಿ ಮಾಸ್ತರಿಕೆ ಸಿಕ್ಕ ಮೊದಲ ವರ್ಷವೇ ಚಾಚಿ ಹೋದಳು. ಸುದ್ದಿ ತಿಳಿದು ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿದ್ದರು...

ಈಗ ನಾನೂ ಮುದುಕಿ. ಮೈಮೇಲೆ ಬಾಸುಂಡೆ ಹೊತ್ತು ಸಾಲಿಗೆ ಬಂದ ಎಷ್ಟೋ ಮಕ್ಕಳ ಮನೆಗೆ ನೌಕರಿ ಮುಗಿಯುವವರೆಗೂ ಹೊಡೆದವರನ್ನು ಕೇಳಲು ಹೋದೆ. ಪ್ರತಿ ಸಲ ಯಾರಾದರೂ ಕೈಯೆತ್ತುತ್ತಾರೆಂದು ಹೆದರುತ್ತಿದ್ದೆ. ಒಮ್ಮೆಯೂ ಅರ್ಧ ದಾರಿಯಿಂದ ತಿರುಗಿ ಬರಲಿಲ್ಲ. ಇದನ್ನು ಕೇಳಿದ್ದರೆ ಚಾಚಿ ಇನ್ನೊಮ್ಮೆ ಓಣಿಯೆಲ್ಲ ಸಾರಿ ಬರುತ್ತಿದ್ದಳು. ಹೇಳೋಣವೆಂದರೆ ಆಕೆ ಇಲ್ಲ.