ಮಗಳು ಸುಮ್ಮನೆ ಕೂತ ದಿನ

ನನ್ನ ಮಗಳು ಎರಡನೇ ಕ್ಲಾಸು ಮುಗಿಸುವಷ್ಟರಲ್ಲಿ ಕಳೆದ ಸಾಮಾನೆಲ್ಲ ಸೇರಿಸಿದ್ದರೆ ಒಂದು ಅಂಗಡಿ ಇಡಬಹುದಿತ್ತು: ನೀರಿನ ಬಾಟಲಿ, ಸ್ವೆಟರು, ಒಂದೊಂದೇ ಕಾಲಿನ ಚಪ್ಪಲಿ. ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಸವಳಂಗ ರಸ್ತೆಯ ಡಾಕ್ಟರು ಇದು ಎಡಿಎಚ್‌ಡಿ ಎಂದರು. ಮಗು ಬೇಕೆಂದು ಮಾಡುವುದಲ್ಲ, ಬೈಯಬೇಡಿ ಎಂದೂ ಹೇಳಿದರು. ವಿದ್ಯಾನಗರದ ಮನೆ ತಲುಪುವುದರೊಳಗೆ ನಾನು ಎರಡು ಸಲ ಬೈದಾಗಿತ್ತು.

ಭದ್ರಾವತಿಯ ಹಳೇನಗರದಲ್ಲಿರುವ ಅತ್ತೆಗೆ ವಿಷಯ ಹೇಳಿದೆ.

"ಕಾಯಿಲೆ ಗೀಯಿಲೆ ಅನ್ಬೇಡ ಮಾರಾಯ್ತಿ. ದೀಕ್ಷೆ ಕೊಡ್ಸೋಣ. ದಿನಾ ಲಿಂಗ ಅಂಗೈಯಲ್ಲಿಟ್ಕೊಂಡು ನೋಡ್ತಾ ಕೂತ್ರೆ ಮನಸ್ಸು ತಾನೇ ನಿಲ್ಲುತ್ತೆ" ಅಂದರು.

ಜ್ವರ ಬಂದರೂ ಲಿಂಗಪೂಜೆ ಬಿಡದ ಹೆಂಗಸು ಅವರು. ಪೆನ್ಸಿಲನ್ನೇ ಉಳಿಸಿಕೊಳ್ಳದ ಮಗುವಿನ ಕೊರಳಿಗೆ ಲಿಂಗ ಕಟ್ಟುವುದು ಹೇಗೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನನಗೂ ಒಳಗೊಳಗೇ ಆಸೆಯಿತ್ತು.

ದೀಕ್ಷೆಯಾಯಿತು. ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಬಂದವರಿಗೆಲ್ಲ ತೋರಿಸಿ, "ಒಳಗೆ ಶಿವ ಇದ್ದಾನೆ, ಅಲ್ಲಾಡಿಸ್ಬಾರ್ದು" ಎನ್ನುತ್ತಾ ಕುಣಿಯುತ್ತಿದ್ದಳು. ಒಂದು ವಾರ ಕಳೆದಿರಬೇಕು, ಅತ್ತೆಯ ಮನೆಯಲ್ಲೇ ಸ್ನಾನಕ್ಕೆ ಕರೆದು ನೋಡಿದರೆ ಕೊರಳು ಬರಿದು. ದಾರ ತುರಿಸಿತೆಂದು ಎಲ್ಲೋ ತೆಗೆದಿಟ್ಟಿದ್ದಳಂತೆ. ಎಲ್ಲಿ ಎಂದರೆ ಅಳು. ಬಚ್ಚಲು, ಹಿತ್ತಲು, ಬೀದಿ, ಎಲ್ಲ ಜಾಲಾಡಿದೆವು. ಸಿಗಲಿಲ್ಲ.

"ಲಿಂಗ ಸಿಗೋವರೆಗೂ ನಾನು ನೀರೂ ಮುಟ್ಟಲ್ಲ" ಎಂದು ಅತ್ತೆ ಗೋಡೆಗೊರಗಿ ಕೂತರು. ಅವರು ಮಗುವಿಗೆ ಒಂದು ಮಾತೂ ಅನ್ನಲಿಲ್ಲ. ಅಂದವಳು ನಾನು.

"ನಿನ್ನಿಂದ ಅಜ್ಜಿ ಸತ್ತೋಗ್ತಾರೆ, ನೋಡ್ತಿರು!"

ಹೆತ್ತ ತಾಯಿಯ ಬಾಯಿಂದ ಬಂದ ಮಾತು ಅದು. ಇವತ್ತಿಗೂ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸಂಜೆ ದೀಕ್ಷೆ ಕೊಟ್ಟ ಅಯ್ಯನವರೇ ಬಂದು, ಮಗುವಿನ ಕೈತಪ್ಪು, ಬೇರೆ ಲಿಂಗ ಕೊಡೋಣ ಎಂದು ಸಮಾಧಾನ ಹೇಳಿದ ಮೇಲೆ ಅತ್ತೆ ನೀರು ಕುಡಿದರು. ಆಮೇಲಷ್ಟೇ ನಾನು ಮಗಳನ್ನು ಹುಡುಕಿದೆ. ಪೂಜೆಕೋಣೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಬೈಸಿಕೊಂಡ ಹೊತ್ತಿನಿಂದ ಅಲ್ಲೇ ಇದ್ದಳೆಂದು ಕಾಣುತ್ತದೆ. ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಖಾಲಿ ಎಡಗೈಯನ್ನು ಎದುರಿಗೆ ಹಿಡಿದು ಅದನ್ನೇ ನೋಡುತ್ತಿದ್ದಳು. ಲಂಗ ಒದ್ದೆಯಾಗಿತ್ತು. ಅದಕ್ಕೂ ಎದ್ದಿರಲಿಲ್ಲ.

ಈ ಮಗು ಒಂದು ಗಳಿಗೆ ಸುಮ್ಮನೆ ಕೂರಲಿ ಎಂದು ನಾನು ಹೊರದ ಹರಕೆಯಿರಲಿಲ್ಲ.

"ನಾನು ಅಲ್ಲಾಡ್ಲೇ ಇಲ್ಲ ಅಮ್ಮ" ಅಂದಳು. "ಅಜ್ಜಿ ಸಾಯಲ್ಲ ಅಲ್ವಾ?"

ಬಾಚಿ ಎತ್ತಿಕೊಂಡೆ. ಹೆಗಲ ಮೇಲೆ ಹಾಕಿಕೊಂಡರೂ ಅವಳು ಆ ಅಂಗೈ ಮಡಚಲಿಲ್ಲ.