ಕಳ್ಳಿಬೇಲಿಯ ಹಾಲು

ನಾನು ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದ ಎರಡನೇ ವರ್ಷ. ನಮ್ಮದು ನೇಕಾರರ ಮನೆ, ಮನೆಮಾತು ತೆಲುಗು. ಹಿತ್ತಲಿನಾಚೆ ಒಕ್ಕಲಿನವರೊಬ್ಬರ ಕುರಿದೊಡ್ಡಿ. ನಡುವೆ ಆಳೆತ್ತರದ ಕಳ್ಳಿಬೇಲಿ. ನೆಟ್ಟವರು ಅವರು, ಅದು ಬಾಗಿದ್ದು ಮಾತ್ರ ನಮ್ಮ ಕಡೆಗೆ. ಬಣ್ಣ ಹಾಕಿದ ರೇಷ್ಮೆಯನ್ನು ನಾವು ಹಿತ್ತಲಲ್ಲೇ ಒಣಹಾಕುತ್ತಿದ್ದೆವು. ಗಾಳಿ ಬೀಸಿದರೆ ನೂಲು ಮುಳ್ಳಿಗೆ ಸಿಕ್ಕಿ ಹರಿಯುತ್ತಿತ್ತು.

ಬೇಲಿ ಕಡಿಯಿರಿ ಎಂದು ಅತ್ತೆ ಈಚೆಯಿಂದ ಕೂಗಿದರೆ, ದೊಡ್ಡಿಯ ಮುದುಕಿ ಆಚೆಯಿಂದ ಕೂಗುತ್ತಿದ್ದಳು.

"ತೋಳ ಬಂದ್ರೆ ನನ್ನ ಮರಿ ಕಾಯೋರು ನೀವೇನು? ಯಾರಾನ ಬೇಲಿಗೆ ಕುಡುಗೋಲು ಹಾಕ್ರಿ ನೋಡಾನ, ಕೈ ಮುರೀತೀನಿ!"

ಅವಳ ಮುಖವನ್ನು ನಾನು ನೋಡಿರಲಿಲ್ಲ. ಕಳ್ಳಿಯ ಸಂದಿನಲ್ಲಿ ಓಡಾಡುವ ಬಿಳಿ ತಲೆ ಕಂಡರೆ ಸಾಕು, ಒಳಗೆ ಓಡಿಬಿಡುತ್ತಿದ್ದೆ.

ಬೇಸಿಗೆಯ ಒಂದು ದಿನ ಮನೆಯವರೆಲ್ಲ ಪಕ್ಕದ ಬೀದಿಗೆ ನಾಮಕರಣಕ್ಕೆ ಹೋಗಿದ್ದರು. ರೇಷ್ಮೆ ಕಾಯಲು ನಾನೊಬ್ಬಳೇ ಉಳಿದಿದ್ದೆ. ಗಾಳಿಗೆ ಕೆಂಪು ನೂಲಿನ ಲಡಿಯೊಂದು ಹಾರಿ ಕಳ್ಳಿಗೆ ಸುತ್ತಿಕೊಂಡಿತು. ಬಿಡಿಸಲು ಹೋದಂತೆಲ್ಲ ಎಳೆಗಳು ತುಂಡಾದವು. ಅತ್ತೆ ಬಂದು ಏನೆನ್ನುವರೋ! ಮುದುಕಿಯ ಸದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು ಕುಡುಗೋಲು ತಂದೆ. ಒಂದೇ ಕೊಂಬೆ, ಯಾರಿಗೆ ತಿಳಿದೀತು ಎಂದು ತಲೆಯ ಮೇಲಿದ್ದುದಕ್ಕೆ ಹಾಕಿದೆ.

ಹಾಲು ಚಿಮ್ಮಿ ಎರಡೂ ಕಣ್ಣಿಗೆ ಬಿತ್ತು. ಕೆಂಡ ಒತ್ತಿದ ಹಾಗಾಯಿತು.

"ಕಳ್ಳು! ನಾ ಕಳ್ಳು!" ಎಂದು ಕಿರುಚಿದೆ. ತೆಲುಗಿನಲ್ಲಿ ಅದು ನನ್ನ ಕಣ್ಣು ಎಂದು. ಬೇಲಿಯಾಚೆಗೆ ಕಳ್ಳರು ಎಂದು ಕೇಳಿಸಿತಂತೆ.

"ಎಲ್ಲೇ ಕಳ್ಳ್ರು? ಎಲ್ಲಿ?" ಎನ್ನುತ್ತ ಮುದುಕಿ ಓಣಿ ಸುತ್ತಿ ನಮ್ಮ ಹಿತ್ತಲಿಗೇ ನುಗ್ಗಿದಳು. ದೊಣ್ಣೆ ನೆಲಕ್ಕೆ ಬಡಿಯುವ ಸದ್ದು ಹತ್ತಿರವಾಯಿತು. ಕಣ್ಣು ಉರಿದು ಹೋಗುತ್ತಿದ್ದರೂ ನಾನು ಕುಡುಗೋಲನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

ಸದ್ದು ನಿಂತಿತು. ಅವಳು ಕೊಂಬೆಯನ್ನು ನೋಡುತ್ತಿದ್ದಾಳೆ ಎಂದು ತಿಳಿಯಿತು. ಮರುಗಳಿಗೆ ನನ್ನ ಮುಂಗೈ ಹಿಡಿದಳು. ಮುರಿದಳು ಎಂದುಕೊಂಡೆ.

"ಉಜ್ಜಬ್ಯಾಡ! ಉಜ್ಜಿದ್ರೆ ಕಣ್ಣು ಹೋಗೇ ಹೋಗ್ತೈತೆ!"

ನನ್ನನ್ನು ಎಳೆದೊಯ್ದು ಬಾನಿಯ ಬಳಿ ಕೂರಿಸಿ ನೀರು ಹೊಯ್ದಳು, ಹೊಯ್ಯುತ್ತಲೇ ಇದ್ದಳು.

"ಏನಾನ ಕಾಣ್ತೈತಾ?"

"ಇಲ್ಲ ಅಜ್ಜಿ."

ಅವಳು ಬೇಲಿಯತ್ತ ತಿರುಗಿ ತನ್ನ ಬಾಣಂತಿ ಸೊಸೆಯನ್ನು ಕೂಗಿದಳು. "ಕೂಸನ್ನ ತೊಟ್ಟಿಲಾಗೆ ಹಾಕಿ ಬಿರ್ರನೆ ಬಾರೇ!"

ಆ ಹುಡುಗಿ ಬಂದು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಿಗೆ ಎದೆಹಾಲು ಹಿಂಡಿದಳು. ಬೆಚ್ಚಗಿನ ಹನಿ. ಆಮೇಲೆ ಬಟ್ಟೆ ಕಟ್ಟಿದರು.

ಆಸ್ಪತ್ರೆಯೆಂದರೆ ಚಳ್ಳಕೆರೆಗೆ ಎತ್ತಿನ ಗಾಡಿ ಕಟ್ಟಬೇಕಿದ್ದ ಕಾಲ. ಮೂರು ದಿನ ನೋಡೋಣ ಎಂದರು ಮಾವ. ಕುರುಡು ಸೊಸೆ ನೇಕಾರರ ಮನೆಯಲ್ಲಿ ಮಾಡುವುದೇನು ಎಂದು ಯಾರೋ ಪಿಸುಗುಟ್ಟಿದ್ದು ಕೇಳಿತು. ತವರಿಗೆ ಕಳಿಸಿಬಿಡುತ್ತಾರೆ ಎಂದುಕೊಂಡೆ. ಯಾರೂ ಇಲ್ಲದಾಗ ರಾಟೆಯ ಬಳಿಗೆ ತೆವಳಿ, ಹರಿದ ಎಳೆಯನ್ನು ಮುಟ್ಟಿ ಮುಟ್ಟಿ ಗಂಟು ಹಾಕಲು ನೋಡಿದೆ. ಎಳೆ ಬೆರಳಿಗೆ ಸಿಗಲೇ ಇಲ್ಲ. ಅಲ್ಲೇ ಕುಳಿತು ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿದೆ.

ದಿನಕ್ಕೆರಡು ಸಲ ಮುದುಕಿಯ ಸೊಸೆ ಕಣ್ಣಿಗೆ ಹಾಲು ಹಿಂಡಲು ಬರುತ್ತಿದ್ದಳು. ಬಾಗಿಲು ತೆರೆಯುವಾಗ ಅತ್ತೆ ಮಾತಾಡುತ್ತಿರಲಿಲ್ಲ, ಹೋಗುವಾಗ ಮಾತ್ರ "ಹುಷಾರು, ಮೆಟ್ಟಿಲು ಐತೆ" ಎನ್ನುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಬಟ್ಟೆ ಬಿಚ್ಚಿದರು. ಮೊದಲು ಬರೀ ಮಂಜು. ಸತ್ತೆ ಎಂದುಕೊಂಡೆ. ನಂತರ ಮಂಜಿನೊಳಗಿಂದ ಸಿಡುಬಿನ ಕಲೆಯ ಮುಖವೊಂದು, ಮೂಗುಬೊಟ್ಟು, ಹಲ್ಲಿಲ್ಲದ ಬಾಯಿ ಕಂಡವು.

"ನಾನ್ಯಾರು ಹೇಳು?"

ಹೆದರಿಕೆಯಲ್ಲಿ ಬೇರೇನೂ ತೋಚದೆ "ಬೇಲಿ ಅಜ್ಜಿ" ಎಂದೆ. ಮೊದಲು ನಕ್ಕವರು ಅತ್ತೆ.

ವಾರದೊಳಗೆ ಮುದುಕಿಯೇ ಮುಖಕ್ಕೆ ಸೆರಗು ಸುತ್ತಿಕೊಂಡು ಬಾಗಿದ ಕೊಂಬೆಗಳನ್ನೆಲ್ಲ ಕಡಿದಳು. ಕಡಿದದ್ದನ್ನು ಯಾರ ಕಡೆ ಹಾಕಬೇಕೆಂದು ಅವಳಿಗೂ ಅತ್ತೆಗೂ ಮತ್ತೆ ಜಗಳವಾಯಿತು. ನಾನು ಒಳಗಿನ ಬಾಗಿಲಿನ ಚಿಲಕ ಹಾಕಿಕೊಂಡು ಕೂತಿದ್ದೆ. ಹಿತ್ತಲಿಗೆ ನಾನೊಬ್ಬಳೇ ಕಾಲಿಡಲು ಮತ್ತೊಂದು ಬೇಸಿಗೆ ಬರಬೇಕಾಯಿತು.